ಸ್ಲೋ ಕುಕ್ಕರ್: ಬಟನ್ ಎಣಿಸಬೇಡಿ, ಪಾತ್ರೆ ನೋಡಿ

ಪ್ರೆಷರ್ ಕುಕ್ಕರ್‌ನಲ್ಲಿ ಮೂರು ಕೂಗಿಗೆ ಬೇಯುವ ತೊಗರಿಬೇಳೆಯನ್ನು ಮೂರು ನಾಲ್ಕು ಗಂಟೆ ಬೇಯಿಸುವ ಪಾತ್ರೆಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಸ್ಲೋ ಕುಕ್ಕರ್ ಎಂಬ ಹೆಸರು ಕೇಳಿದೊಡನೆ ನಮ್ಮ ಅಡುಗೆಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇದೆ. ದಿನಾ ಅನ್ನ, ಬೇಳೆ ಸಾರು, ಪಲ್ಯ ಇಷ್ಟರಲ್ಲೇ ಊಟ ಮುಗಿಯುವ ಮನೆಗೆ ಸ್ಲೋ ಕುಕ್ಕರ್ ಬೇಕಿಲ್ಲ. ತಂದರೂ ಎರಡು ತಿಂಗಳಲ್ಲಿ ಅಟ್ಟ ಸೇರುತ್ತದೆ. ಆದರೆ ಕಾಲು ಸೂಪು, ನಾಟಿಕೋಳಿ ಸಾರು, ಹುರುಳಿಕಟ್ಟು, ಕುಚ್ಚಲಕ್ಕಿ ಗಂಜಿ, ಕಡಲೆಕಾಳು, ರಾಜ್ಮಾ ಇಂಥವು ವಾರಕ್ಕೆ ಒಂದೆರಡು ಸಲವಾದರೂ ಆಗುವ ಮನೆಯಲ್ಲಿ, ಒಲೆಯ ಮುಂದೆ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲವೆಂದರೆ ಲೆಕ್ಕ ಬೇರೆಯಾಗುತ್ತದೆ. ಸ್ಲೋ ಕುಕ್ಕರ್‌ನಿಂದ ಸಮಯವೇನೂ ಉಳಿಯುವುದಿಲ್ಲ. ಒಲೆ ಕಾಯುವ ಕೆಲಸ ತಪ್ಪುತ್ತದೆ. ಆ ಕೆಲಸ ತಪ್ಪಿದರೆ ಸಾಕು ಎನ್ನುವವರಿಗಾಗಿ ಈ ಲೇಖನ.

ಈ ಪಾತ್ರೆ ಹುಟ್ಟಿದ್ದೇ ಕಾಳು ಬೇಯಿಸುವುದಕ್ಕೆ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬ ಸಂಶೋಧಕ 1936ರಲ್ಲಿ ಅರ್ಜಿ ಹಾಕಿ 1940ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಶುಕ್ರವಾರ ಸಂಜೆ ಕಾಳು, ಮಾಂಸ, ಗೆಡ್ಡೆ ತುಂಬಿದ ಮಡಕೆಯನ್ನು ಊರಿನ ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಬರುತ್ತಿದ್ದರಂತೆ; ಒಲೆ ಹಚ್ಚಬಾರದ ಸಬ್ಬತ್ ದಿನಕ್ಕೆ ಅದೇ ಬಿಸಿ ಊಟ. ತಾಯಿಯ ಬಾಯಲ್ಲಿ ಕೇಳಿದ ಈ ಸಂಗತಿಯೇ ನ್ಯಾಕ್ಸನ್‌ಗೆ ದಾರಿ ತೋರಿತು. 1970ರಲ್ಲಿ ಅವರ ಕಂಪನಿಯನ್ನು ರೈವಲ್ ಎಂಬ ಸಂಸ್ಥೆ ಕೊಂಡಿತು. 1971ರಲ್ಲಿ ಈ ಪಾತ್ರೆ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬೆಳಿಗ್ಗೆ ತುಂಬಿಟ್ಟು ಕೆಲಸಕ್ಕೆ ಹೋಗಿ, ಸಂಜೆ ಬಂದು ಬಡಿಸುವ ಅನುಕೂಲ ಅಮೆರಿಕದ ಮನೆಗಳಿಗೆ ಹಿಡಿಸಿತು.

ಒಳಗೆ ಏನಾಗುತ್ತದೆ?

ಸ್ಲೋ ಕುಕ್ಕರ್‌ಗೆ ಮೂರೇ ಭಾಗ. ಹೊರಗೆ ಲೋಹದ ಕವಚ, ಅದರ ಗೋಡೆಗೆ ಸುತ್ತಿಕೊಂಡ ಹೀಟಿಂಗ್ ಕಾಯಿಲ್. ಒಳಗೆ ದಪ್ಪನೆಯ ಸೆರಾಮಿಕ್ ಪಾತ್ರೆ. ಮೇಲೆ ಗಾಜಿನ ಮುಚ್ಚಳ. ಶಾಖ ತಳದಿಂದ ನುಗ್ಗದೆ ಸುತ್ತಲಿಂದ ಮೆಲ್ಲಗೆ ಏರುವುದರಿಂದ ತಳ ಹಿಡಿಯುವುದು ಅಪರೂಪ, ಕೈಯಾಡಿಸುವ ಕೆಲಸವೂ ಇಲ್ಲ. ಮೇಲೆದ್ದ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಪಾತ್ರೆಗೇ ಇಳಿಯುತ್ತದೆ.

ಲೋ, ಹೈ, ವಾರ್ಮ್ ಎಂಬ ಮೂರು ಗುರುತುಗಳು ಸಾಮಾನ್ಯ. ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಹೆಚ್ಚು ಬಿಸಿ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಆದರೆ ಹಲವು ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಕುದಿಗೆ ತುಸು ಕೆಳಗಿನ ಒಂದೇ ಹದವನ್ನು. ಹೈನಲ್ಲಿ ಅಲ್ಲಿಗೆ ಬೇಗ ಮುಟ್ಟುತ್ತದೆ, ಲೋನಲ್ಲಿ ತಡವಾಗಿ. ಹೈನಲ್ಲಿ ನಾಲ್ಕು ಗಂಟೆಯ ಅಡುಗೆ ಲೋನಲ್ಲಿ ಏಳೆಂಟು ಗಂಟೆ ಎಂಬುದು ಸ್ಥೂಲವಾದ ಲೆಕ್ಕ. ವಾರ್ಮ್ ಇರುವುದು ಬೆಂದದ್ದನ್ನು ಬಿಸಿಯಾಗಿ ಇಡುವುದಕ್ಕೆ ಮಾತ್ರ. ಅದರಲ್ಲಿ ಹಸಿ ಪದಾರ್ಥ ಬೇಯಿಸಲೂಬಾರದು, ಫ್ರಿಜ್‌ನಿಂದ ತೆಗೆದ ತಣ್ಣನೆಯ ಸಾರು ಬಿಸಿ ಮಾಡಲೂಬಾರದು.

ಪ್ರೆಷರ್ ಕುಕ್ಕರ್‌ನ ಒಳಗೆ ಶಾಖ 120 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಹೋಗುತ್ತದೆ. ಬೇಳೆಗೆ ಅದು ಒಳ್ಳೆಯದೇ. ಆದರೆ ಮೇಕೆ ಕಾಲಿನಂಥ ನರ, ಮೂಳೆ ಹೆಚ್ಚಿರುವ ಮಾಂಸದ ಗಟ್ಟಿ ಅಂಶ ಮೆಲ್ಲಗೆ ಕರಗಿ ರಸಕ್ಕೆ ಅಂಟು ಬರಲು ಗಂಟೆಗಟ್ಟಲೆ ಸಣ್ಣ ಶಾಖವೂ ಸಾಕು. ಹಿಂದೆ ಕೆಂಡದ ಮೇಲಿಟ್ಟ ಮಣ್ಣಿನ ಗಡಿಗೆ ರಾತ್ರಿಯಿಡೀ ಮಾಡುತ್ತಿದ್ದುದು ಇದೇ ಕೆಲಸವನ್ನು.

ಎಷ್ಟು ಲೀಟರ್?

ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಡಬ್ಬದ ಮೇಲೆ ಬರೆದ ಲೀಟರು ಪಾತ್ರೆಯ ಅಂಚಿನವರೆಗಿನ ಅಳತೆ. ಸ್ಲೋ ಕುಕ್ಕರ್‌ ಅನ್ನು ಅರ್ಧಕ್ಕಿಂತ ಕಡಿಮೆ ತುಂಬಿದರೆ ಅಂಚು ಒಣಗಿ ಸೀಯುತ್ತದೆ. ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ನಡುಭಾಗ ಬಿಸಿಯಾಗುವುದು ತಡವಾಗುತ್ತದೆ. ಆದ್ದರಿಂದ 3.5 ಲೀಟರ್‌ನ ಪಾತ್ರೆಯಲ್ಲಿ ನಿಜವಾಗಿ ಆಗುವ ಅಡುಗೆ ಒಂದೂಮುಕ್ಕಾಲರಿಂದ ಎರಡೂವರೆ ಲೀಟರ್.

ಇಬ್ಬರೇ ಇರುವ ಮನೆಗೆ ಒಂದೂವರೆಯಿಂದ ಎರಡೂವರೆ ಲೀಟರ್ ಸಾಕು. ಮೂರು ನಾಲ್ಕು ಜನಕ್ಕೆ 3.5 ಲೀಟರ್ ಸರಿಹೋಗುತ್ತದೆ. ಐದಾರು ಜನ ಇದ್ದರೆ, ಅಥವಾ ಭಾನುವಾರ ಮಾಡಿ ಫ್ರಿಜ್‌ನಲ್ಲಿಟ್ಟು ಎರಡು ದಿನ ಬಳಸುವ ರೂಢಿ ಇದ್ದರೆ 4.5ರಿಂದ 6 ಲೀಟರ್‌ವರೆಗೆ ಹೋಗಬಹುದು. ಹಬ್ಬಕ್ಕೆ ನೆಂಟರು ಬಂದಾಗ ಬೇಕಾದೀತು ಎಂದು ದೊಡ್ಡದನ್ನು ಕೊಳ್ಳಬೇಡಿ. ಆರು ಲೀಟರ್‌ನ ಪಾತ್ರೆಯಲ್ಲಿ ಒಂದು ಲೀಟರ್ ಸಾರು ಇಟ್ಟರೆ ಎಂಟು ಗಂಟೆಯ ಹೊತ್ತಿಗೆ ಅದು ಗೊಜ್ಜಾಗಿರುತ್ತದೆ.

ಆಕಾರದಲ್ಲಿ ದುಂಡು, ಅಂಡಾಕಾರ ಎಂದು ಎರಡು ಬಗೆ. ಅಂಡಾಕಾರದ್ದು ಇಡೀ ಕೋಳಿ, ಉದ್ದನೆಯ ಮಾಂಸದ ತುಂಡು ಇಡುವವರಿಗಾಗಿ. ಸಾರು, ಹುಳಿ, ಕಾಳು ಮಾಡುವವರಿಗೆ ದುಂಡನೆಯದೇ ಸಾಕು. ಕಟ್ಟೆಯ ಮೇಲೆ ಜಾಗವನ್ನೂ ಕಡಿಮೆ ಹಿಡಿಯುತ್ತದೆ.

ಪಾತ್ರೆ, ಮುಚ್ಚಳ

ಒಳಪಾತ್ರೆ ಹೊರಗೆ ತೆಗೆಯಲು ಬರಬೇಕು. ಅಂಟಿಕೊಂಡೇ ಇರುವ ಬಗೆಯಲ್ಲಿ ತೊಳೆಯುವಾಗ ಕರೆಂಟಿನ ಭಾಗಕ್ಕೆ ನೀರು ತಗಲುವ ಅಪಾಯವಿದೆ. ಸೆರಾಮಿಕ್ ಪಾತ್ರೆಯನ್ನು ಕೈಯಲ್ಲಿ ಎತ್ತಿ ನೋಡಿ. 3.5 ಲೀಟರ್‌ನದೇ ಖಾಲಿ ಇದ್ದಾಗಲೂ ಸಾಕಷ್ಟು ಭಾರ. ಎರಡು ಲೀಟರ್ ಸಾರು ತುಂಬಿದ ಮೇಲೆ ಇನ್ನೂ ಎರಡು ಕಿಲೋ ಸೇರುತ್ತದೆ. ಮನೆಯಲ್ಲಿ ಅಡುಗೆ ಮಾಡುವವರು ವಯಸ್ಸಾದವರಾಗಿದ್ದರೆ, ಮಣಿಕಟ್ಟು ನೋವು ಇದ್ದರೆ, ಎರಡೂ ಕಡೆ ಅಗಲವಾದ ಹಿಡಿ ಇರುವುದನ್ನೇ ಆರಿಸಿ.

ಒಳಮೈಯ ಹೊಳಪಿನ ಲೇಪದಲ್ಲಿ ಬಿರುಕು, ಗುಳ್ಳೆ ಇರಬಾರದು. ಅಂಗಡಿಯಲ್ಲಿಯೇ ಡಬ್ಬ ಬಿಚ್ಚಿಸಿ ಮೊಬೈಲ್ ಟಾರ್ಚ್ ಹಾಕಿ ನೋಡಿ. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಡಬ್ಬ ಬಂದ ದಿನವೇ ನೋಡಿ. ಬಿರುಕು ಬಿಟ್ಟ ಸೆರಾಮಿಕ್ ಬಿಸಿಯಲ್ಲಿ ಯಾವತ್ತಾದರೂ ಒಡೆಯುತ್ತದೆ. ಒಳಪಾತ್ರೆ ಮತ್ತು ಮುಚ್ಚಳ ಬಿಡಿಯಾಗಿ ಸಿಗುತ್ತವೆಯೇ ಎಂದೂ ವಿಚಾರಿಸಿ. ಒಡೆಯುವುದು ಯಾವಾಗಲೂ ಇವೆರಡೇ. ಬಿಡಿಭಾಗ ಸಿಗದಿದ್ದರೆ ಗಟ್ಟಿಯಾಗಿರುವ ಕವಚವೂ ಗುಜರಿಗೆ ಹೋಗುತ್ತದೆ.

ಮುಚ್ಚಳ ಗಾಜಿನದಾಗಿರಲಿ. ಒಳಗೆ ಏನಾಗುತ್ತಿದೆ ಎಂದು ತೆರೆಯದೆ ಕಾಣಬೇಕು. ಒಂದು ಸಲ ಮುಚ್ಚಳ ಎತ್ತಿದರೆ ಕಳೆದ ಶಾಖ ಮರಳಿ ಬರಲು ಹದಿನೈದರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಗಳಿಗೆಗೊಮ್ಮೆ ಸೌಟು ಹಾಕಿ ನೋಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಗುಬ್ಬಿಯೋ, ಡಿಜಿಟಲ್ಲೋ?

ಅಂಗಡಿಯವರು ಡಿಜಿಟಲ್ ಪರದೆ ಇರುವುದನ್ನು ಮುಂದೆ ಮಾಡುತ್ತಾರೆ. ಟೈಮರ್ ಮುಗಿದ ಮೇಲೆ ತಾನಾಗಿ ವಾರ್ಮ್‌ಗೆ ಬರುವುದು ಅದರ ದೊಡ್ಡ ಗುಣ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಇದು ನಿಜಕ್ಕೂ ಉಪಯೋಗ.

ಆದರೆ ಕರೆಂಟು ಹೋಗಿ ಬರುವ ಊರಿನಲ್ಲಿ ಈ ಗುಣವೇ ತೊಡಕಾಗಬಹುದು. ಬಹಳಷ್ಟು ಡಿಜಿಟಲ್ ಮಾದರಿಗಳು ಕರೆಂಟು ಹೋಗಿ ಬಂದ ಮೇಲೆ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಯಾರಾದರೂ ಬಂದು ಬಟನ್ ಒತ್ತುವವರೆಗೆ ಸುಮ್ಮನಿರುತ್ತವೆ. ತಿರುಗಿಸುವ ಗುಬ್ಬಿ ಇರುವ ಸಾದಾ ಕುಕ್ಕರ್ ಕರೆಂಟು ಬಂದೊಡನೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಿಮ್ಮ ಬಡಾವಣೆಯಲ್ಲಿ ಕರೆಂಟು ಆಗಾಗ ಕಣ್ಣುಮುಚ್ಚಾಲೆ ಆಡುತ್ತಿದ್ದರೆ ಗುಬ್ಬಿಯದೇ ಲೇಸು. ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಇದ್ದರೂ ಬದಲಾವಣೆಯ ಆ ಕೆಲವು ಸೆಕೆಂಡು ಸಾಕು, ಡಿಜಿಟಲ್ ಕುಕ್ಕರ್ ನಿಲ್ಲುವುದಕ್ಕೆ. ಕರೆಂಟು ಹೋಗಿ ಬಂದರೆ ನೆನಪಿಟ್ಟುಕೊಳ್ಳುತ್ತದೆಯೇ ಎಂದು ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿಸಿ ನೋಡಿ.

ಒಳ್ಳೆಯ ಸುದ್ದಿಯೆಂದರೆ ಸ್ಲೋ ಕುಕ್ಕರ್ ಹೆಚ್ಚು ಕರೆಂಟು ಎಳೆಯುವುದಿಲ್ಲ. 3.5 ಲೀಟರ್‌ನದು ಸುಮಾರು 200 ವ್ಯಾಟ್, ಆರು ಲೀಟರ್‌ನದು 250ರಿಂದ 300 ವ್ಯಾಟ್ ಆಸುಪಾಸು. ಗೀಸರ್‌ಗೆ, ಇಂಡಕ್ಷನ್ ಒಲೆಗೆ ಬೇಕಾಗುವ 16 ಆಂಪಿಯರ್‌ನ ಪವರ್ ಪಾಯಿಂಟ್ ಇದಕ್ಕೆ ಬೇಕಿಲ್ಲ, 6 ಆಂಪಿಯರ್‌ನ ಸಾಮಾನ್ಯ ಪಾಯಿಂಟ್ ಸಾಕು. ಆದರೆ ಅರ್ಥಿಂಗ್ ಸರಿ ಇರುವ ಮೂರು ಪಿನ್ನಿನ ಪಾಯಿಂಟೇ ಆಗಬೇಕು. ಗಂಟೆಗಟ್ಟಲೆ ಉರಿಯುವ ಯಂತ್ರಕ್ಕೆ ಸಡಿಲವಾದ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮನೆಯ ಯುಪಿಎಸ್‌ಗೆ ಸೇರಿದ ಪಾಯಿಂಟ್ ಅಡುಗೆಮನೆಯಲ್ಲಿದ್ದರೆ ಸಣ್ಣ ಕುಕ್ಕರ್ ಅದರ ಮೇಲೂ ಸ್ವಲ್ಪ ಹೊತ್ತು ನಡೆಯುತ್ತದೆ. ಎಷ್ಟು ಹೊತ್ತು ಎಂಬುದು ಬ್ಯಾಟರಿಯ ಮೇಲಿದೆ.

ಬಿಲ್ಲಿನ ಲೆಕ್ಕ ಸುಲಭ. 200 ವ್ಯಾಟ್ ಎಂಟು ಗಂಟೆ ಉರಿದರೆ ಹೆಚ್ಚೆಂದರೆ 1.6 ಯೂನಿಟ್. ವಾರಕ್ಕೆ ಎರಡು ಸಲ ಬಳಸಿದರೆ ತಿಂಗಳಿಗೆ ಸುಮಾರು 14 ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಇರುವವರು ತಮ್ಮ ಮಿತಿಯನ್ನು ಒಮ್ಮೆ ನೋಡಿಕೊಳ್ಳಲಿ. ಈಗಾಗಲೇ 190ರ ಹತ್ತಿರ ಇರುವ ಮನೆಗೆ ಈ 14 ಯೂನಿಟ್ ಸೇರಿ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಅಮೆರಿಕದಿಂದ ಬಂದ ಕುಕ್ಕರ್

ಕನ್ನಡಿಗರ ಮನೆಗಳಿಗೆ ಸ್ಲೋ ಕುಕ್ಕರ್ ಬರುವ ಇನ್ನೊಂದು ದಾರಿ ಸೂಟ್‌ಕೇಸ್. ಅಲ್ಲಿರುವ ಮಗಳೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟದ್ದನ್ನು ಹಾಗೆಯೇ ಪ್ಲಗ್‌ಗೆ ಹಾಕಬೇಡಿ. ಅಮೆರಿಕ, ಕೆನಡಾಗಳ ಕರೆಂಟು 120 ವೋಲ್ಟ್, ನಮ್ಮದು 230. ಕಾಯಿಲ್ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಲ್ಲಿ 240 ವ್ಯಾಟ್‌ನ ಕುಕ್ಕರ್ ಇಲ್ಲಿ ಸುಮಾರು 880 ವ್ಯಾಟ್ ಎಳೆಯುತ್ತದೆ. ಕಾಯಿಲ್ ಸುಡುತ್ತದೆ, ಸೆರಾಮಿಕ್ ಸಿಡಿಯಬಹುದು, ಬೆಂಕಿಯೂ ಹತ್ತಬಹುದು. ಪಿನ್ ಬದಲಿಸುವ ಸಣ್ಣ ಅಡಾಪ್ಟರ್‌ನಿಂದ ವೋಲ್ಟೇಜ್ ಬದಲಾಗುವುದಿಲ್ಲ. ತಕ್ಕ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಬೆಲೆ, ಭಾರ ನೋಡಿದರೆ ಇಲ್ಲೇ ಹೊಸದು ಕೊಳ್ಳುವುದು ಜಾಣತನ. ಬ್ರಿಟನ್, ಸಿಂಗಪುರ, ಆಸ್ಟ್ರೇಲಿಯಾಗಳಿಂದ ಬಂದದ್ದಾದರೆ ಅಲ್ಲಿಯ ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆ, ಪಿನ್ ಮಾತ್ರ ಬೇರೆ. ಯಾವುದಕ್ಕೂ ತಳದ ಪಟ್ಟಿಯಲ್ಲಿ 220–240 ವಿ ಎಂದು ಬರೆದಿದೆಯೇ ನೋಡಿ.

ಇಲ್ಲಿ ಕೊಳ್ಳುವಾಗ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಹುಡುಕಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ.

ಬೇರೆ ದಾರಿಗಳೂ ಇವೆ

ಪ್ರೆಷರ್, ರೈಸ್, ಸ್ಲೋ ಎಲ್ಲವೂ ಒಂದರಲ್ಲೇ ಇರುವ ಮಲ್ಟಿಕುಕ್ಕರ್ ಬಗ್ಗೆ ಒಂದು ಮಾತು. ಇವುಗಳಲ್ಲಿ ಶಾಖ ಬರುವುದು ತಳದಿಂದ, ಪಾತ್ರೆ ತೆಳು ಸ್ಟೀಲಿನದು. ಅದರ ಸ್ಲೋ ಕುಕ್ ಬಟನ್ನಿನ ಫಲ ಸೆರಾಮಿಕ್ ಪಾತ್ರೆಯಷ್ಟು ನಂಬಿಕೆಯದಲ್ಲ. ಜಾಗ ಕಡಿಮೆ ಇದ್ದು, ನಿಧಾನದ ಅಡುಗೆ ತಿಂಗಳಿಗೊಮ್ಮೆ ಮಾತ್ರ ಎನ್ನುವವರಿಗೆ ಅದು ಸಾಕು. ರೈಸ್ ಕುಕ್ಕರ್‌ನ ಬಿಸಿ ಇಡುವ ಬಟನ್‌ನಲ್ಲಿ ಮಾತ್ರ ಏನನ್ನೂ ಬೇಯಿಸಲು ಹೋಗಬೇಡಿ. ಅಷ್ಟು ಶಾಖ ಅದಕ್ಕಿಲ್ಲ.

ಗಂಜಿ, ಕುಚ್ಚಲಕ್ಕಿ ಅನ್ನವೇ ಮುಖ್ಯವಾದ ಮನೆಗೆ ಕರೆಂಟೇ ಬೇಡದ ಥರ್ಮಲ್ ಕುಕ್ಕರ್ ಇದೆ. ಅಕ್ಕಿಯನ್ನು ಒಲೆಯ ಮೇಲೆ ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಶಾಖ ಹಿಡಿದಿಡುವ ಡಬ್ಬಿಯೊಳಗೆ ಮುಚ್ಚಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ. ಕೇರಳದ ಮನೆಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಆದರೆ ಅದರೊಳಗೆ ಶಾಖ ಇಳಿಯುತ್ತಾ ಹೋಗುವುದರಿಂದ ಕಾಲು ಸೂಪಿಗೆ, ಗಟ್ಟಿ ಕಾಳಿಗೆ ಸಾಲದು.

ತಂದ ಮೇಲೆ ಮೊದಲ ಪರೀಕ್ಷೆ

ಹೊಸ ಕುಕ್ಕರ್‌ನಲ್ಲಿ ಮೊದಲು ಅಡುಗೆ ಮಾಡಬೇಡಿ, ನೀರು ಕಾಯಿಸಿ. ಪಾತ್ರೆಯ ಅರ್ಧದಷ್ಟು ತಣ್ಣೀರು ಹಾಕಿ, ಮುಚ್ಚಿ, ಲೋನಲ್ಲಿ ಎಂಟು ಗಂಟೆ ಬಿಡಿ. ಕೊನೆಗೆ ಮುಚ್ಚಳ ಸರಿಸಿದ ಕೂಡಲೇ ಅಡುಗೆಯ ಥರ್ಮಾಮೀಟರ್‌ ಅನ್ನು ನೀರಿನ ನಡುವಿಗೆ ಇಳಿಸಿ. 85 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಕುಕ್ಕರ್ ಸರಿಯಾಗಿದೆ. ಅಷ್ಟಕ್ಕೂ ಬರದಿದ್ದರೆ ಅಂಗಡಿಗೆ ಮರಳಿಸಿ. ಹಳೆಯ ಕುಕ್ಕರ್‌ ಅನ್ನು ಯಾರಿಂದಲಾದರೂ ಪಡೆದಾಗಲೂ ಇದೇ ಪರೀಕ್ಷೆ. ಆಹಾರದಲ್ಲಿ ಕೆಡುಕಿನ ಬ್ಯಾಕ್ಟೀರಿಯಾ ಬೇಗ ಹೆಚ್ಚುವುದು 5ರಿಂದ 60 ಡಿಗ್ರಿಯ ನಡುವೆ. ಅದನ್ನು ಬೇಗ ದಾಟಿಸುವ ಶಕ್ತಿ ಕುಕ್ಕರ್‌ಗೆ ಇರಬೇಕು.

ಬಿಸಿ ಪಾತ್ರೆಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಬೇಡಿ, ಫ್ರಿಜ್‌ನಿಂದ ತೆಗೆದ ಪಾತ್ರೆಯನ್ನು ನೇರ ಬಿಸಿಗೆ ಇಡಬೇಡಿ, ಗ್ಯಾಸ್ ಒಲೆಯ ಮೇಲಂತೂ ಇಡಲೇಬೇಡಿ. ಸೆರಾಮಿಕ್ ಸೀಳುವುದು ಈ ಮೂರು ಕಾರಣಕ್ಕೇ ಹೆಚ್ಚು.

ಹುರುಳಿಕಟ್ಟು ಹೀಗೆ

ಕಾಲು ಕೆಜಿ ಹುರುಳಿಯನ್ನು ಬೆಳಿಗ್ಗೆ ನೆನೆಹಾಕಿ. ರಾತ್ರಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸಿನ ಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ. ಕುಕ್ಕರ್‌ಗೆ ಸುರಿದು, ಒಟ್ಟು ಒಂದೂಮುಕ್ಕಾಲು ಲೀಟರ್ ಬಿಸಿನೀರು ಆಗುವಂತೆ ನೋಡಿ, ಲೋಗೆ ತಿರುಗಿಸಿ ಮಲಗಿ. ಉಪ್ಪು, ಹುಣಸೆಹುಳಿ, ಟೊಮೆಟೊ ಆಗಲೇ ಹಾಕಬಾರದು. ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ. ಎಂಟು ಗಂಟೆಯ ನಂತರ ಕಾಳು ಬೆರಳಿಗೆ ಹಿಸುಕಿ ಬರುತ್ತದೆ, ನೀರು ಕಂದುಬಣ್ಣಕ್ಕೆ ತಿರುಗಿ ಸೌಟಿನ ಬೆನ್ನಿಗೆ ಹತ್ತುತ್ತದೆ. ಕಟ್ಟು ಬಸಿದು ಹುಳಿ, ಉಪ್ಪು, ಮೆಣಸು ಹಾಕಿ ಒಲೆಯ ಮೇಲೆ ಒಂದು ಕುದಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಉಳಿದ ಕಾಳು ಉಸಲಿಗೆ.

ಕಾಳು ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿದರೆ ಕುಕ್ಕರ್‌ ಅನ್ನು ಬೈಯುವ ಮುನ್ನ ನೀರನ್ನು ನೋಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕಾಳು ಮೆತ್ತಗಾಗುವುದು ತಡ. ಕುಡಿಯುವ ಫಿಲ್ಟರ್ ನೀರು ಹಾಕಿ ನೋಡಿ, ಇಲ್ಲವೇ ಒಂದು ಚಿಟಿಕೆ ಅಡುಗೆ ಸೋಡಾ.

ಉಳಿದ ಅಡುಗೆಗಳಿಗೂ ಕೆಲವು ತಿದ್ದುಪಡಿ ಬೇಕು. ನೀರು ಹೆಚ್ಚು ಆವಿಯಾಗಿ ಹೋಗದ ಕಾರಣ ಒಲೆಗೆ ಹಾಕುವುದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಹಾಕಿ. ಈರುಳ್ಳಿ, ಮಸಾಲೆಯನ್ನು ಬಾಣಲೆಯಲ್ಲಿ ಹುರಿದೇ ಹಾಕಬೇಕು, ಇಲ್ಲದಿದ್ದರೆ ಹಸಿವಾಸನೆ ಉಳಿಯುತ್ತದೆ. ಆಲೂಗಡ್ಡೆ, ಕ್ಯಾರೆಟ್ ಮಾಂಸಕ್ಕಿಂತ ನಿಧಾನ. ಅವನ್ನು ತಳಕ್ಕೆ, ಗೋಡೆಯ ಬದಿಗೆ ಹಾಕಿ. ತೆಂಗಿನಕಾಯಿ ಹಾಲು, ಮೊಸರು ಮೊದಲೇ ಹಾಕಿದರೆ ಒಡೆಯುತ್ತವೆ. ಕೊನೆಯ ಅರ್ಧ ಗಂಟೆಗೆ ಬಿಡಿ. ಪಂದಿ ಕರಿಗೆ ಕಾಚಂಪುಳಿಯೂ ಕೊನೆಗೇ. ಮೀನು, ಸೊಪ್ಪು, ಬೀನ್ಸ್, ಬಿಸಿಬೇಳೆಬಾತಿನ ಅಕ್ಕಿ ಇವು ಈ ಪಾತ್ರೆಯ ಕೆಲಸವಲ್ಲ, ಎಲ್ಲ ಮುದ್ದೆಯಾಗುತ್ತವೆ.

ತಪ್ಪಲೇಬಾರದ ಮೂರು ಮಾತು

ಒಂದು, ರಾಜ್ಮಾ. ಹಸಿ ರಾಜ್ಮಾದಲ್ಲಿ ಫೈಟೊಹೆಮಗ್ಲುಟಿನಿನ್ ಎಂಬ ವಿಷಾಂಶವಿದೆ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಕುದಿ ಬರದ ಸಣ್ಣ ಶಾಖದಲ್ಲಿ ನಾಶವಾಗುವುದಿಲ್ಲ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಒಲೆಯ ಮೇಲೆ ಕುದಿಸಿದ ನಂತರವೇ ಸ್ಲೋ ಕುಕ್ಕರ್‌ಗೆ ಹಾಕಿ.

ಎರಡು, ಮಾಂಸ. ಫ್ರೀಜರ್‌ನಿಂದ ತೆಗೆದ ಗಟ್ಟಿ ಮಾಂಸವನ್ನು ನೇರ ಹಾಕಬೇಡಿ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ, ಪೂರ್ತಿ ಮಂಜು ಬಿಟ್ಟ ಮೇಲೆ ಬಳಸಿ. ಬೆಳಿಗ್ಗೆ ಹಸಿ ಮಾಂಸ ತುಂಬಿಟ್ಟು ಮಧ್ಯಾಹ್ನಕ್ಕೆ ಆನ್ ಆಗುವಂತೆ ಟೈಮರ್ ಇಡುವುದೂ ಬೇಡ.

ಮೂರು, ಕರೆಂಟು. ನೀವು ಮನೆಯಲ್ಲಿದ್ದಾಗ ಹೋದರೆ ಅಡುಗೆಯನ್ನು ಬೇರೆ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಮುಗಿಸಿ. ಹೊರಗಿದ್ದಾಗ ಎಷ್ಟು ಹೊತ್ತು ಹೋಗಿತ್ತೋ ಗೊತ್ತಿಲ್ಲವೆಂದರೆ, ನೋಡಲು ಬೆಂದಂತೆ ಕಂಡರೂ ಚೆಲ್ಲಿಬಿಡಿ. ಅಮೆರಿಕದ ಕೃಷಿ ಇಲಾಖೆಯ ಆಹಾರ ಸುರಕ್ಷತಾ ವಿಭಾಗದ ಸಲಹೆಯೂ ಇದೇ.

ಕೊನೆಯ ತೀರ್ಮಾನ

ನಾಲ್ಕು ಜನರ ಕನ್ನಡ ಮನೆಗೆ ನಮ್ಮ ಆಯ್ಕೆ: 3.5 ಲೀಟರ್‌ನ ದುಂಡನೆಯ ಸೆರಾಮಿಕ್ ಪಾತ್ರೆ, ತೆಗೆಯಲು ಬರುವಂಥದ್ದು, ಗಾಜಿನ ಮುಚ್ಚಳ, ತಿರುಗಿಸುವ ಗುಬ್ಬಿ, 220–240 ವೋಲ್ಟ್, ಐಎಸ್‌ಐ ಗುರುತು, ಒಳಪಾತ್ರೆ ಬಿಡಿಯಾಗಿ ಸಿಗುವ ಭರವಸೆ. ಇದಕ್ಕಿಂತ ಹೆಚ್ಚಿನ ಬೆಲೆ ತೆರುವುದಾದರೆ ಅದಕ್ಕೆ ಒಂದೇ ಒಪ್ಪುವ ಕಾರಣ, ಮನೆಯಲ್ಲಿ ಹತ್ತು ಗಂಟೆ ಯಾರೂ ಇರುವುದಿಲ್ಲ ಮತ್ತು ಕರೆಂಟು ನಂಬಿಕೆಯದು ಎಂಬುದು. ಆಗ ಡಿಜಿಟಲ್ ಕೊಳ್ಳಿ. ಕೊಳ್ಳುವ ಮೊದಲು ಕಳೆದ ಒಂದು ತಿಂಗಳಲ್ಲಿ ಮನೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಬೇಯಿಸಿದ ಅಡುಗೆಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪಟ್ಟಿಯಲ್ಲಿ ನಾಲ್ಕು ಹೆಸರೂ ಬರದಿದ್ದರೆ ಆ ದುಡ್ಡಿಗೆ ಪ್ರೆಷರ್ ಕುಕ್ಕರ್‌ಗೆ ಹೊಸ ಗ್ಯಾಸ್ಕೆಟ್ ಹಾಕಿಸಿ, ಉಳಿದದ್ದನ್ನು ಜೋಪಾನ ಮಾಡಿ.